ಕಾವೇರಿಯಾ, ಬೋರ್‌ವೆಲ್ಲಾ?

ಹೋದ ಶನಿವಾರ ಒಬ್ಬ ಹುಡುಗನ ಜೊತೆ ಬಾಡಿಗೆ ಮನೆ ನೋಡೋಕೆ ಹೋಗಿದ್ದೆ. ಹಾಸನದ ಕಡೆಯವನು, ಬರ್ಲಿನ್‌ಗೆ ಬಂದು ನಾಲ್ಕು ತಿಂಗಳಾಯ್ತು. ಹೆಂಡತಿ ಮತ್ತು ಆರು ತಿಂಗಳ ಮಗು ಇನ್ನೂ ಬೆಂಗಳೂರಲ್ಲೇ ಇದ್ದಾರೆ. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳಬೇಕು.

ವೆಡ್ಡಿಂಗ್ ಬಡಾವಣೆಯ ಮನೆ. ಇಲ್ಲಿನವರು 'ಆಲ್ಟ್‌ಬಾವ್' ಅಂತ ಬಾಯಿ ಚಪ್ಪರಿಸಿಕೊಂಡು ಹೇಳುವ ಹಳೇ ಕಟ್ಟಡ, 1900ರ ಆಸುಪಾಸಿನದು. ಎತ್ತರದ ಸೂರು, ಮರದ ನೆಲ, ಸೂರಿನ ಅಂಚಿಗೆ ಗಾರೆಯ ಹೂಬಳ್ಳಿ. ಮೆಟ್ಟಿಲ ಮೇಲೆ ಮೂವತ್ತು ಜನರ ಸಾಲು, ಎಲ್ಲರ ಕೈಲೂ ಒಂದೊಂದು ಫೈಲು. ಮೂರು ತಿಂಗಳ ಸಂಬಳದ ಚೀಟಿ, 'ಶೂಫಾ' ಅನ್ನೋ ಸಾಲದ ಜಾತಕ, ಹಳೇ ಮನೆಯ ಬಾಡಿಗೆ ಬಾಕಿ ಇಲ್ಲ ಅನ್ನೋ ಪತ್ರ. ಗಂಡಿನ ಕಡೆಯವರು ಇಷ್ಟು ಕೇಳಿದ್ರೆ ನಾವು ಎದ್ದು ಬರ್ತಿದ್ವಿ!

ಒಳಗೆ ಹೋದ ಮೇಲೆ ನಾನು ಏಜೆಂಟನ್ನ ಕೇಳಿದೆ, "ನೀರಿನ ಪೈಪು ಯಾವುದು? ಯಾವಾಗ ಬದಲಾಯಿಸಿದ್ದು?" ಹುಡುಗ ಮೆಲ್ಲಗೆ ನನ್ನ ತೋಳು ಹಿಡಿದ. "ಅಣ್ಣ, ಸುಮ್ನಿರಿ, ಮನೆ ಕೈ ತಪ್ಪತ್ತೆ."

ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಇದೇ ಹುಡುಗ ಬೆಂಗಳೂರಲ್ಲಿ ಮನೆ ನೋಡೋಕೆ ಹೋದ್ರೆ ಚಪ್ಪಲಿ ಬಿಡೋ ಮುಂಚೆ ಕೇಳೋ ಪ್ರಶ್ನೆ ಯಾವುದು ಹೇಳಿ? "ಕಾವೇರಿಯಾ, ಬೋರ್‌ವೆಲ್ಲಾ?" ಸಂಪು ಎಷ್ಟು ದೊಡ್ಡದು, ವಾರಕ್ಕೆ ಎಷ್ಟು ದಿನ ನೀರು ಬರತ್ತೆ, ಎಲ್ಲಾ ವಿಚಾರಿಸ್ತೀವಿ. ವಿಮಾನ ಹತ್ತಿ ಇಲ್ಲಿಗಿಳಿದ ಕೂಡಲೇ, ಜರ್ಮನಿ ಅಲ್ವಾ, ಎಲ್ಲಾ ಸರಿಯಾಗೇ ಇರತ್ತೆ ಅಂತ ಬಾಯಿ ಮುಚ್ಚಿಕೊಳ್ತೀವಿ.

ಸರಿಯಾಗಿರಲ್ಲ ಸ್ವಾಮಿ. ದಕ್ಷಿಣ ಜರ್ಮನಿಯಲ್ಲಿ ನೂರು ವರ್ಷಕ್ಕೂ ಹಿಂದೆಯೇ ಸೀಸದ ಪೈಪು ಬಿಟ್ಟರು. ಉತ್ತರ ಮತ್ತು ಪೂರ್ವ ಭಾಗದಲ್ಲಿ ಮಾತ್ರ ಸುಮಾರು 1973ರವರೆಗೂ ಹಾಕ್ತಾ ಇದ್ರು. ಬೀದಿಯವರೆಗೆ ಬರುವ ನೀರು ಚೆನ್ನಾಗೇ ಇರತ್ತೆ. ಮನೆಯೊಳಗಿನ ಪೈಪಿನಲ್ಲಿ ರಾತ್ರಿಯೆಲ್ಲಾ ನಿಂತಾಗ ಸೀಸ ಕರಗಿ ಸೇರಿಕೊಳ್ಳತ್ತೆ. ಬಣ್ಣ ಇಲ್ಲ, ರುಚಿ ಇಲ್ಲ, ಕುದಿಸಿದ್ರೂ ಹೋಗಲ್ಲ. ಇದರ ಪೆಟ್ಟು ಜಾಸ್ತಿ ಬೀಳೋದು ಬಸುರಿಯರಿಗೆ, ಎಳೆ ಮಕ್ಕಳಿಗೆ, ಅದೂ ನರ ಮತ್ತು ಮೆದುಳಿನ ಬೆಳವಣಿಗೆಗೆ. ಆ ನಲ್ಲಿ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸೋದು ಅವನ ಆರು ತಿಂಗಳ ಮಗುವಿಗೇ ತಾನೆ?

2013ರ ಡಿಸೆಂಬರ್‌ನಿಂದ ಇಲ್ಲಿ ಲೀಟರ್ ನೀರಿನಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇರುವ ಹಾಗಿಲ್ಲ. 2023ರ ಕುಡಿಯುವ ನೀರಿನ ನಿಯಮ ಇನ್ನೂ ಮುಂದೆ ಹೋಗಿ, 2026ರ ಜನವರಿ 12ರೊಳಗೆ ಸೀಸದ ಪೈಪುಗಳನ್ನೇ ಕಿತ್ತುಹಾಕಬೇಕು ಅಂದಿತು. ಕೆಲವು ಕಡೆ ಆರೋಗ್ಯ ಇಲಾಖೆ ಹೆಚ್ಚಿಗೆ ಗಡುವು ಕೊಡಬಹುದು. ಅದೂ ಅಲ್ಲದೆ, ಕಾನೂನು ಬಂತು ಅಂತ ಪೈಪು ತಾನಾಗಿ ಬದಲಾಗಲ್ಲ.

ಮೂವತ್ತು ಜನ ಸಾಲಲ್ಲಿ ನಿಂತಿರುವಾಗ ಪ್ರಶ್ನೆ ಕೇಳಿದವನೇ ಹಿಂದೆ ಬೀಳ್ತಾನೆ ಅನ್ನೋ ಅವನ ಭಯ ಸುಳ್ಳಲ್ಲ, ಒಪ್ಪಿದೆ. ಆದರೆ ಎಲ್ಲವನ್ನೂ ಏಜೆಂಟನ್ನೇ ಕೇಳಬೇಕಾಗಿಲ್ಲ. ನೆಲಮಾಳಿಗೆ ತೋರಿಸಿ ಅನ್ನಿ, ಸಾಮಾನು ಇಡೋಕೆ ಜಾಗ ನೋಡೋರ ಹಾಗೆ. ನೀರಿನ ಮೀಟರ್ ಹತ್ತಿರದ ಪೈಪನ್ನ ನಾಣ್ಯದಿಂದ ಮೆಲ್ಲಗೆ ಗೀಚಿ. ಮೆತ್ತಗಿದ್ದು ಬೆಳ್ಳಿಯ ಹಾಗೆ ಹೊಳೆದರೆ ಅನುಮಾನ ಪಡಿ. ಮೆಟ್ಟಿಲಲ್ಲಿ ಸಿಗೋ ಅಜ್ಜಿಗೆ ಒಂದು ನಮಸ್ಕಾರ ಹೇಳಿ. ಏಜೆಂಟಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರತ್ತೆ.

ಕಟ್ಟಿದ ವರ್ಷ ಮಾತ್ರ ಗಟ್ಟಿಯಾಗಿ ಕೇಳಿ. ಬರ್ಲಿನ್‌ನಲ್ಲಿ ವರ್ಷ ಅಂದ್ರೆ ದುಡ್ಡು. 'ಮೀಟ್‌ಶ್ಪೀಗಲ್' ಅನ್ನೋ ಬಾಡಿಗೆ ಪಟ್ಟಿಯಲ್ಲಿ ವಿಳಾಸ, ವರ್ಷ, ಅಳತೆ ಹಾಕಿದ್ರೆ ಆ ಬೀದಿಯ ವಾಡಿಕೆ ಬಾಡಿಗೆ ಬರತ್ತೆ. 2015ರ ಜೂನ್‌ನಿಂದ ಹೊಸ ಬಾಡಿಗೆದಾರರಿಂದ ಅದಕ್ಕಿಂತ ಶೇ. 10ಕ್ಕೂ ಹೆಚ್ಚು ಕೇಳುವ ಹಾಗಿಲ್ಲ. ವಿನಾಯಿತಿಗಳು ಬೇಕಾದಷ್ಟಿವೆ, ಆದ್ರೂ ಈ ಹಳೇ ಮನೆಗಳಲ್ಲಿ ಬಹಳಷ್ಟು ಇದರೊಳಗೇ ಬರತ್ತೆ. ಇಡೀ ಕಟ್ಟಡವನ್ನ ಒಂದೊಂದೇ ಫ್ಲ್ಯಾಟಾಗಿ ಮಾರೋಕೆ ವಿಂಗಡಿಸಿದ್ದಾರಾ ಅಂತಲೂ ವಿಚಾರಿಸಿ. ವಿಂಗಡಿಸುವ ಮೊದಲೇ ಇದ್ದ ಬಾಡಿಗೆದಾರನನ್ನ, ಕೊಂಡವನು 'ನನಗೇ ಬೇಕು' ಅಂತ ಬರ್ಲಿನ್‌ನಲ್ಲಿ ಹತ್ತು ವರ್ಷ ಎಬ್ಬಿಸುವ ಹಾಗಿಲ್ಲ. ಆಮೇಲೆ ಬಂದವನಿಗೆ ಆ ರಕ್ಷಣೆ ಇಲ್ಲ.

ನಾನು ಇದನ್ನೆಲ್ಲ ಬುದ್ಧಿವಂತಿಕೆಯಿಂದ ಕಲಿತದ್ದಲ್ಲ. ನನ್ನ ಮೊದಲ ಮನೆ ಇಂಥದ್ದೇ ಹಳೇ ಕಟ್ಟಡದ ಹಿಂಬದಿಯ ಮನೆ, ಬಾವಿಯಂಥ ಅಂಗಳದ ತಳದಲ್ಲಿ. 1853ರ ನಿಯಮದ ಪ್ರಕಾರ ಅಂಗಳ 5.34 ಮೀಟರ್ ಉದ್ದಗಲ ಇದ್ದರೆ ಸಾಕಿತ್ತಂತೆ. ಬೆಂಕಿ ಆರಿಸುವ ಬಂಡಿ ತಿರುಗೋಕೆ ಬೇಕಾದಷ್ಟು. ಬಂಡಿಗೆ ಅಷ್ಟು ಸಾಕು, ಬಿಸಿಲಿಗೆ ಸಾಲದು. ಬೀದಿ ಕಡೆ ಅನುಕೂಲಸ್ಥರು, ಹಿಂದೆ ಕೂಲಿಯವರು. ಇದೇ ವೆಡ್ಡಿಂಗ್‌ನ 'ಮೇಯರ್ಸ್ ಹೋಫ್' ಒಂದರ ಹಿಂದೊಂದು ಆರು ಅಂಗಳಗಳ ವಠಾರವಾಗಿತ್ತು, 1972ರಲ್ಲಿ ಕೆಡವಿದರು. ನನ್ನ ಮನೆಯ ಗೋಡೆಗೆ ಎರಡನೇ ಚಳಿಗಾಲಕ್ಕೆ ಬೂಷ್ಟು ಹಿಡೀತು. ಓನರ್ ಬಂದು ಮೂಗು ಮುಚ್ಚಿಕೊಂಡು, "ನೀವು ಅನ್ನ ಜಾಸ್ತಿ ಬೇಯಿಸ್ತೀರಿ" ಅಂದ! ಸೂರು ನೋಡಿ ಮರುಳಾಗಿದ್ದ ನಾನು ಅದು ಯಾವ ದಿಕ್ಕಿನ ಮನೆ ಅಂತಲೂ ನೋಡಿರಲಿಲ್ಲ. ವಾಸ್ತು ನೋಡೋ ಅಮ್ಮನಿಗೆ ಈಗಲೂ ಅದು ಹೇಳಿಕೊಂಡು ನಗೋ ವಿಷಯ.

ಬಾಡಿಗೆಗೆ ಸಂಬಂಧ ಇಲ್ಲದ ಇನ್ನೊಂದು ಮಾತು. ವೆಡ್ಡಿಂಗ್‌ನ ಆ ಮನೆ ಬಾಗಿಲಲ್ಲಿ, ಕಾಲುದಾರಿಯ ಕಲ್ಲುಗಳ ನಡುವೆ ಅಂಗೈಯಗಲದ ಎರಡು ಹಿತ್ತಾಳೆ ಫಲಕ ಇದ್ದವು. ನಾಜಿಗಳು ಹೊತ್ತೊಯ್ದವರ ನೆನಪಿಗೆ ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದರು 1992ರಲ್ಲಿ ಶುರುಮಾಡಿದ 'ಶ್ಟೋಲ್ಪರ್‌ಶ್ಟೈನ್', ಎಡವುಗಲ್ಲು. ಹುಡುಗ ಅದರ ಮೇಲೇ ನಿಂತು ಫೈಲು ಜೋಡಿಸಿಕೊಳ್ತಾ ಇದ್ದ. ತೋರಿಸಿದೆ. ಪಕ್ಕಕ್ಕೆ ಸರಿದು ಎರಡು ಹೆಸರನ್ನೂ ನಿಧಾನವಾಗಿ ಓದಿದ. ಬರ್ಲಿನ್‌ನ ಹಳೇ ವಿಳಾಸ ಪುಸ್ತಕಗಳು 1943ರವರೆಗಿನವು ಇಂಟರ್ನೆಟ್ಟಲ್ಲಿವೆ. ಬೀದಿ, ಮನೆ ನಂಬರ್ ಹುಡುಕಿದ್ರೆ ಯಾರಿದ್ದರು, ಏನು ಕೆಲಸ ಮಾಡ್ತಿದ್ದರು ಅಂತ ಸಿಗತ್ತೆ. ಮನೆಗೆ ಹೋದ ಮೇಲೆ ಅವನೇ ಹುಡುಕಿದನಂತೆ.

ಏಜೆಂಟ್ ಪೈಪಿನ ವಿಷಯ ಮೇಲ್ ಮಾಡ್ತೀನಿ ಅಂದಿದ್ದ, ಇನ್ನೂ ಮಾಡಿಲ್ಲ. ಮುಂದಿನ ಶನಿವಾರ ಮೋವಾಬಿಟ್‌ನಲ್ಲಿ ಇನ್ನೊಂದು ಮನೆ ಇದೆ. ಈ ಸಲ ನಾನೇ ಕೇಳ್ತೀನಿ ಅಣ್ಣ ಅಂತ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಸೀಸಕ್ಕೆ ಜರ್ಮನ್‌ನಲ್ಲಿ ಏನಂತಾರೆ ಅಂದ. 'ಬ್ಲೈ' ಅಂದೆ.

"ಓ, ಬ್ಲೈಶ್ಟಿಫ್ಟ್, ಪೆನ್ಸಿಲ್ಲು! ಹಂಗಿದ್ರೆ ನೆನಪಿರತ್ತೆ ಬಿಡಿ."