ಹೊಸ ಪೈಥಾನ್ ಬಂದ ಮೇಲೆ ಹಳೆಯದನ್ನು ಅಳಿಸಬೇಕೇ?

‘ಹೊಸ ಪೈಥಾನ್ ಹಾಕಿಕೊಂಡಿರಾ? ಹಾಗಾದರೆ ಹಳೆಯದನ್ನು ಅಳಿಸಿಬಿಡಿ.’ ಪ್ರೋಗ್ರಾಮಿಂಗ್ ಕಲಿಯುವವರಿಗೆ ಇಂಥ ಸಲಹೆ ಸಿಗುವುದುಂಟು. ಫೋನಿನ ಆ್ಯಪ್‌ಗಳಲ್ಲಿ ಹೊಸದು ಬಂದರೆ ಹಳೆಯದು ಹೋಗುತ್ತದೆ, ನಾವೂ ಅದಕ್ಕೇ ಒಗ್ಗಿಹೋಗಿದ್ದೇವೆ. ಆದರೆ ಪ್ರೋಗ್ರಾಮಿಂಗ್ ಭಾಷೆಯ ವಿಷಯ ಬೇರೆ.

2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂದಾಗ ಭಾಷೆಯ ಕೆಲವು ನಿಯಮಗಳೇ ಬದಲಾದವು. 3/2 ಎಂದು ಬರೆದರೆ ಪೈಥಾನ್ 2 ಕೊಡುವ ಉತ್ತರ 1. ಪೈಥಾನ್ 3 ಕೊಡುವುದು 1.5. ಹಾಗಾಗಿ ಹಳೆಯ ಪ್ರೋಗ್ರಾಂ ಹೊಸದರಲ್ಲಿ ಕೆಟ್ಟು ನಿಲ್ಲಬಹುದು, ಇಲ್ಲವೇ ಸದ್ದಿಲ್ಲದೆ ಲೆಕ್ಕ ಬದಲಿಸಬಹುದು. ಪೈಥಾನ್ 2ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿ 1ಕ್ಕೆ. ಅಲ್ಲಿಯವರೆಗೆ ಎರಡೂ ಜೊತೆಯಲ್ಲೇ ಬಾಳಿದವು.

ಉಬುಂಟುವಿನಲ್ಲಿ ಅಪಾಯ ಇನ್ನೂ ದೊಡ್ಡದು. ಅದರ ಜೊತೆಗೇ ಬರುವ ಪೈಥಾನನ್ನು ಸಿಸ್ಟಂನ ಹಲವು ಭಾಗಗಳು ಬಳಸುತ್ತವೆ. ಅದನ್ನು ತೆಗೆದರೆ ಅದನ್ನು ನೆಚ್ಚಿಕೊಂಡ ಭಾಗಗಳೂ ಹೋಗಿ, ಡೆಸ್ಕ್‌ಟಾಪೇ ಕಾಣದಂತಾಗಬಹುದು.

ಹಾಗಾದರೆ ದಾರಿ? ಅಳಿಸಬೇಡಿ, ಬೇರೆ ಬೇರೆ ಇಡಿ. ‘ಪೈಎನ್ವ್’ ಎಂಬ ಸಾಧನ ಹಲವು ಆವೃತ್ತಿಗಳನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿಟ್ಟು, ಯಾವ ಪ್ರಾಜೆಕ್ಟಿಗೆ ಯಾವುದೆಂದು ನೆನಪಿಟ್ಟುಕೊಳ್ಳುತ್ತದೆ. ‘ವೆನ್ವ್’ ಪ್ರತಿ ಪ್ರಾಜೆಕ್ಟಿನ ಲೈಬ್ರರಿಗಳನ್ನು ಪ್ರತ್ಯೇಕವಾಗಿಡುತ್ತದೆ. ಸಿಸ್ಟಂನ ಪೈಥಾನ್ ಸಿಸ್ಟಂಗೇ ಇರಲಿ.

‘ಅಳಿಸಿಬಿಡಿ’ ಎಂಬ ಸಲಹೆಯನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಇದು ನೆನಪಿರಲಿ.