ಆರೋಗ್ಯ ವಿಚಾರ: ಜೀವಕೋಶದ ಕರೆಗಂಟೆಯೂ ಕರುಳಿನ ಅರ್ಬುದವೂ

ನಮ್ಮ ವಾಚಕಿಯರೊಬ್ಬರು ಬರೆದ ಕಾಗದವು ನಮ್ಮ ಮನಸ್ಸನ್ನು ಬಹಳವಾಗಿ ಕಲಕಿತು. ಅವರ ಭಾವನವರಿಗೆ ದೊಡ್ಡ ಕರುಳಿನ ಅರ್ಬುದ, ಎಂದರೆ ಕ್ಯಾನ್ಸರ್, ತಗುಲಿ ಯಕೃತ್ತಿಗೂ ಹರಡಿತ್ತಂತೆ. ಇದೇ ರೋಗವಿದ್ದ ನೆರೆಮನೆಯವರೊಬ್ಬರಿಗೆ ಸೆಟುಕ್ಸಿಮ್ಯಾಬ್ ಎಂಬ ಬೆಲೆಯುಳ್ಳ ಔಷಧದಿಂದ ಗುಣ ಕಂಡಿತ್ತು. ಭಾವನವರ ಗೆಡ್ಡೆಯ ತುಣುಕನ್ನು ಪರೀಕ್ಷಿಸಿದ ವೈದ್ಯರಾದರೋ ‘ಆ ಔಷಧವು ಇವರಿಗೆ ಬೇಡ’ ಎಂದುಬಿಟ್ಟರು. ‘ತೋಟ ಮಾರಿಯಾದರೂ ಹಣ ಹೊಂದಿಸುತ್ತಿದ್ದೆವು. ನಾವು ಬಡವರೆಂದು ಹಾಗೆ ಹೇಳಿದರೋ ಏನೋ ಎಂಬ ಕೊರಗು ಅವರು ತೀರಿಕೊಂಡ ಮೇಲೂ ಹೋಗಿಲ್ಲ’ ಎಂದು ಆಕೆ ಬರೆದಿದ್ದಾರೆ. ಈ ಕೊರಗಿಗೆ ಉತ್ತರ ಹೇಳಬೇಕಾದರೆ ನಾವು ಜೀವಕೋಶದ ಬಾಗಿಲಿನಿಂದಲೇ ಪ್ರಾರಂಭಿಸಬೇಕಾಗಿದೆ.

ನಮ್ಮ ಕರುಳಿನ ಒಳಪದರವು ಸವೆದು ಸವೆದು ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಹಳೆಯ ಕೋಶಗಳು ಉದುರಿದಷ್ಟೇ ಹೊಸವು ಹುಟ್ಟಬೇಕು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಆದಕಾರಣ ಕೋಶವು ತನ್ನಿಷ್ಟದಂತೆ ಬೆಳೆಯದೆ ಹೊರಗಿನಿಂದ ಬರುವ ಅಪ್ಪಣೆಗಾಗಿ ಕಾದಿರುತ್ತದೆ. 1962ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿಯು ಇಲಿಯ ಲಾಲಾಗ್ರಂಥಿಯಿಂದ ಇಂತಹ ಅಪ್ಪಣೆಯ ದೂತನೊಂದನ್ನು ಬೇರ್ಪಡಿಸಿದನು. ಅದನ್ನು ಚುಚ್ಚಿದ ಇಲಿಮರಿಗಳು ಕಾಲಕ್ಕೆ ಮುಂಚೆಯೇ ಕಣ್ಣು ತೆರೆದವು! ಈ ಸಂಶೋಧನೆಯ ನಿಮಿತ್ತ 1986ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಸಂದಿತು. ದೂತನು ಬಂದು ಮುಟ್ಟುವುದಕ್ಕೆ ಕೋಶದ ಹೊರಪೊರೆಯಲ್ಲಿ ಗ್ರಾಹಕಗಳೆಂಬ ಸಸಾರಜನಕ ರಚನೆಗಳುಂಟು. ಇವನ್ನು ಮನೆಬಾಗಿಲಿನ ಕರೆಗಂಟೆಗಳೆಂದು ಭಾವಿಸಬಹುದು.

ಆದರೆ ಗಂಟೆಯು ಒಮ್ಮೆ ಬಾರಿಸಿದ ಬಳಿಕ ನಿಲ್ಲಬೇಡವೇ? ಇಲ್ಲಿಯೇ ಸೃಷ್ಟಿಯ ಚಮತ್ಕಾರವಿದೆ. ದೂತನು ಮುಟ್ಟಿದೊಡನೆ ಹೊರಪೊರೆಯು ಒಳಕ್ಕೆ ಕುಗ್ಗಿ ಪುಟ್ಟ ಚೀಲವಾಗಿ, ಗ್ರಾಹಕವನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ, ಅಂಚೆಯ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವಂತೆ, ಗ್ರಾಹಕಗಳ ವಿಂಗಡಣೆ ನಡೆಯುತ್ತದೆ. ಯುಬಿಕ್ವಿಟಿನ್ ಎಂಬ ಸಣ್ಣ ಮುದ್ರೆ ಬಿದ್ದ ಗ್ರಾಹಕಗಳು ಲೈಸೊಸೋಮ್ ಎಂಬ ಜೀರ್ಣಕೋಶಿಕೆಗೆ ಹೋಗಿ ಕರಗಿಹೋಗುತ್ತವೆ. ಮುದ್ರೆಯಿಲ್ಲದವು ಪುನಃ ಬಾಗಿಲಿಗೆ ಮರಳುತ್ತವೆ. ಈ ಲೈಸೊಸೋಮನ್ನು 1955ರಲ್ಲಿ ಬೆಲ್ಜಿಯಮಿನ ಕ್ರಿಶ್ಚಿಯನ್ ದ ದ್ಯೂವ್ ಎಂಬವರು ಬೆಳಕಿಗೆ ತಂದರು. ಎಷ್ಟು ಗ್ರಾಹಕಗಳು ನಾಶವಾದವು, ಎಷ್ಟು ಮರಳಿ ಬಂದವು ಎಂಬುದರ ಮೇಲೆ ಕೋಶಕ್ಕೆ ಬೆಳೆಯುವ ಅಪ್ಪಣೆಯ ಬಲಾಬಲವು ನಿಂತಿದೆ.

ಈ ವಿಂಗಡಣೆ ಕೆಟ್ಟರೆ ಏನಾಗುವುದೆಂಬುದಕ್ಕೆ ಕರುಳೇ ಸಾಕ್ಷಿ. ಕರುಳಿನ ಮೂಲಕೋಶಗಳಿಗೆ ವಿಂಟ್ ಎಂಬ ಮತ್ತೊಬ್ಬ ದೂತನಿದ್ದಾನೆ. ಅವನ ಗ್ರಾಹಕಗಳಿಗೆ ಮುದ್ರೆಯೊತ್ತಿ ನಾಶಕ್ಕೆ ಕಳುಹಿಸುವ ಕೆಲಸವು ಆರ್.ಎನ್.ಎಫ್. 43 ಎಂಬ ಸಸಾರಜನಕಕ್ಕೂ ಅದರ ಜೊತೆಗಾರನಿಗೂ ಸೇರಿದ್ದು. 2012ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೇವರ್ಸ್ ಮತ್ತು ಸಂಗಡಿಗರು ಇಲಿಗಳ ಕರುಳಿನಲ್ಲಿ ಇವೆರಡನ್ನೂ ಇಲ್ಲದಂತೆ ಮಾಡಿದಾಗ ಗ್ರಾಹಕಗಳು ಬಾಗಿಲಲ್ಲಿಯೇ ಗುಂಪುಗೂಡಿ, ಕರುಳಿನಲ್ಲಿ ಗಂಟುಗಳು ಬೆಳೆದವು. 2014ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ ಮನುಷ್ಯರ ದೊಡ್ಡ ಕರುಳಿನ ಅರ್ಬುದಗಳ ಪೈಕಿ ನೂರಕ್ಕೆ ಸುಮಾರು 18ರಲ್ಲಿ ಈ ಮುದ್ರೆಗಾರನೇ ಕೆಟ್ಟಿದ್ದುದು ಕಂಡುಬಂದಿತು. ಗಂಟೆಯನ್ನು ಇಳಿಸುವವನಿಲ್ಲದ ಮನೆಯಲ್ಲಿ ಗದ್ದಲವು ನಿಲ್ಲುವುದೆಂತು?

ಇನ್ನು ಆ ಸೋದರಿಯ ಪ್ರಶ್ನೆಗೆ ಬರುವೆವು. ಅಮೆರಿಕದಲ್ಲಿ 2004ರಲ್ಲಿ ಈ ರೋಗಕ್ಕೆ ಅನುಮತಿ ಪಡೆದ ಸೆಟುಕ್ಸಿಮ್ಯಾಬ್, ಕೋಹೆನ್ ಕಂಡ ದೂತನ ಗ್ರಾಹಕಕ್ಕೆ ಅಂಟಿಕೊಂಡು ದೂತನು ಮುಟ್ಟದಂತೆ ತಡೆಯುತ್ತದೆ; ಗ್ರಾಹಕವು ಒಳಕ್ಕೆ ಸೇರುವಂತೆಯೂ ಮಾಡುತ್ತದೆ. ಆದರೆ ಗಂಟೆಯಿಂದ ಮನೆಯೊಳಕ್ಕೆ ತಂತಿಯೊಂದು ಹೋಗಿದೆಯಷ್ಟೆ. ರಾಸ್ ಎಂಬ ಸಸಾರಜನಕಗಳು ಆ ತಂತಿ. ಇವುಗಳಲ್ಲಿ ಕೆ-ರಾಸ್ ಎಂಬುದೊಂದೇ ದೊಡ್ಡ ಕರುಳಿನ ನೂರು ಅರ್ಬುದಗಳಲ್ಲಿ ಸುಮಾರು 40ರಲ್ಲಿ ಕೆಟ್ಟು, ಯಾರೂ ಗಂಟೆ ಮುಟ್ಟದಿದ್ದರೂ ಹಗಲಿರುಳೂ ಕೂಗುತ್ತಲೇ ಇರುತ್ತದೆ. ಅಂಥಲ್ಲಿ ಬಾಗಿಲ ಗಂಟೆಯನ್ನು ಕಟ್ಟಿಹಾಕಿ ಫಲವೇನು? ತಂತಿ ಕೆಟ್ಟ ರೋಗಿಗಳಿಗೆ ಈ ಔಷಧದಿಂದ ಪ್ರಯೋಜನವಿಲ್ಲವೆಂಬುದು 2008ರ ಹೊತ್ತಿಗೆ ಸ್ಪಷ್ಟವಾಯಿತು. ಅಲ್ಲಿಂದೀಚೆಗೆ ಗೆಡ್ಡೆಯ ತುಣುಕನ್ನು ಮೊದಲು ಪರೀಕ್ಷಿಸಿಯೇ ಔಷಧವನ್ನು ನಿಶ್ಚಯಿಸುವುದು ವೈದ್ಯರ ಪದ್ಧತಿಯಾಗಿದೆ.

ಹೀಗಿರಲು, ಅಮ್ಮಾ, ತಮ್ಮ ಬಡತನವನ್ನು ನೋಡಿ ಆಡಿದ ಮಾತು ಅದೆಂದು ಎಣಿಸಬೇಕಾಗಿಲ್ಲ. ಗೆಡ್ಡೆಯ ಪರೀಕ್ಷೆಯಲ್ಲಿ ಈ ದೋಷವು ಕಂಡಿದ್ದರೆ, ತೋಟ ಮಾರಿ ತಂದ ಔಷಧದಿಂದ ಭಾವನವರಿಗೆ ಮೈತುಂಬ ಗುಳ್ಳೆಗಳೂ ತಮಗೆ ಸಾಲವೂ ಉಳಿಯುತ್ತಿದ್ದವೇ ಹೊರತು ಆಯುಷ್ಯವು ಬೆಳೆಯುತ್ತಿರಲಿಲ್ಲ. ತಮ್ಮಿಂದ ಆಗಬೇಕಾದುದು ಆಗದೆ ಉಳಿಯಿತೆಂಬ ಕೊರಗನ್ನು ಬಿಡಬೇಕೆಂದು ಪ್ರಾರ್ಥಿಸುತ್ತೇವೆ. ತಂತಿಯ ಈ ದೋಷವು ಗೆಡ್ಡೆಯಲ್ಲಿಯೇ ಹುಟ್ಟುವಂಥದು, ವಂಶದಲ್ಲಿ ಇಳಿದುಬರುವಂಥದಲ್ಲ. ಆದರೂ ಈ ರೋಗವಿದ್ದವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯವು ಇತರರಿಗಿಂತ ತುಸು ಹೆಚ್ಚಾದುದರಿಂದ ಅವರು ವೈದ್ಯರ ಸಲಹೆ ಪಡೆದು ಬೇಗನೆ ಪರೀಕ್ಷೆ ಮಾಡಿಸಿಕೊಳ್ಳುವುದು ಉಚಿತ.

ನಮ್ಮ ಉಳಿದ ವಾಚಕರಿಗೂ ಒಂದು ಮಾತು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ನಾಚಿಕೆಯಿಂದ ಮುಚ್ಚಿಡುವವರು ನಮ್ಮಲ್ಲಿ ಬಹಳ. ಮಲಪ್ರವೃತ್ತಿಯಲ್ಲಿ ವಾರಗಟ್ಟಲೆ ವ್ಯತ್ಯಾಸ, ಕಾರಣವಿಲ್ಲದೆ ರಕ್ತಹೀನತೆ, ಮೈ ಇಳಿಯುವುದು, ಇವೂ ಉಪೇಕ್ಷಿಸತಕ್ಕವಲ್ಲ. ಸಾಮಾನ್ಯವಾಗಿ ಈ ಅರ್ಬುದವು ಸಣ್ಣ ಗಂಟಾಗಿ ಹುಟ್ಟಿ ಬಲಿಯುವುದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ; ಆ ಅವಧಿಯಲ್ಲಿ ದರ್ಶಕ ನಳಿಕೆಯಿಂದ ನೋಡಿ ಗಂಟನ್ನು ಕತ್ತರಿಸಿ ತೆಗೆದರೆ ರೋಗವೇ ಬಾರದು. ಕರುಳಿನಾಚೆ ಹರಡುವ ಮೊದಲೇ ಪತ್ತೆಯಾದರೆ ನೂರರಲ್ಲಿ ಸುಮಾರು 90 ಮಂದಿ ಐದು ವರ್ಷಗಳ ಬಳಿಕವೂ ಬದುಕಿರುತ್ತಾರೆಂದು ಅಮೆರಿಕದ ಲೆಕ್ಕಗಳು ಹೇಳುತ್ತವೆ. ಮನೆಯ ಹಿರಿಯರು ಹೇಳಲು ಸಂಕೋಚಪಟ್ಟರೆ ಕಿರಿಯರೇ ಮೆಲ್ಲನೆ ಕೇಳಿ ತಿಳಿಯಲಿ.