ಅಡಿಕೆಯ ಬೇಲಿಯನ್ನು ಡಾಲರ್‌ನಲ್ಲೂ ಅಳೆಯಿರಿ

ರೂಪಾಯಿ ಕುಸಿದರೆ ಹೊರಗಿನ ಅಡಿಕೆ ತುಟ್ಟಿಯಾಗಿ ಶಿವಮೊಗ್ಗ, ಭದ್ರಾವತಿಯ ಬೆಳೆಗಾರರಿಗೆ ಅನುಕೂಲವಾಗುತ್ತದೆ ಎಂಬ ವಾದ ಅರ್ಧ ಮಾತ್ರ ನಿಜ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಅಗ್ಗದ ಅಡಿಕೆ ಒಳಬರದಂತೆ ತಡೆಯುವ ಬೇಲಿ ಇದು. ಆಗಿನ ವಿನಿಮಯ ದರದಲ್ಲಿ ಅದರ ಎತ್ತರ ಸುಮಾರು 4.25 ಡಾಲರ್. ಡಾಲರ್‌ಗೆ 90 ರೂಪಾಯಿ ಎಂದು ಹಿಡಿದರೆ ಅದೇ 351 ರೂಪಾಯಿ ಬರೀ 3.90 ಡಾಲರ್. ರೂಪಾಯಿ ಸೊರಗಿದಷ್ಟೂ ಬೇಲಿ ಕುಗ್ಗುತ್ತದೆ.

ಡಾಲರೊಂದನ್ನೇ ನೋಡಿದರೂ ಸಾಲದು. 2022ರಲ್ಲಿ ಶ್ರೀಲಂಕಾದ ರೂಪಾಯಿ ನಮ್ಮದಕ್ಕಿಂತ ಎಷ್ಟೋ ಹೆಚ್ಚು ಕುಸಿಯಿತು. ಅಲ್ಲಿನ ಸರಕು ನಮಗೆ ಅಗ್ಗವಾಗುವ ದಾರಿ ತೆರೆಯಿತು. ಭೂತಾನಿನ ನಾಣ್ಯ ನ್ಗುಲ್ಟ್ರಮ್ ಅನ್ನು ನಮ್ಮ ರೂಪಾಯಿಗೆ ಸಮನಾಗಿ ಕಟ್ಟಲಾಗಿದೆ. ಹಾಗಾಗಿ ಆ ದೇಶದ ಹಸಿ ಅಡಿಕೆಗೆ ವಿನಿಮಯ ದರ ತಡೆಯೇ ಅಲ್ಲ. 2022ರಲ್ಲೇ, ವರ್ಷಕ್ಕೆ 17,000 ಟನ್ ಭೂತಾನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತನ್ನೂ ಸಡಿಲಿಸಲಾಯಿತು.

ಹಾಗಾದರೆ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿ ರೂಪಾಯಿಯನ್ನು ಎತ್ತಿ ಹಿಡಿಯಲಿ ಎನ್ನಬಹುದು. ಆದರೆ ಬಡ್ಡಿಯ ಹೊರೆ ಸಾಲ ಮಾಡಿ ತೋಟ ನಡೆಸುವವರ ಮೇಲೂ ಬೀಳುತ್ತದೆ. ಒಂದು ಬೆಳೆಗಾಗಿ ಇಡೀ ದೇಶದ ಹಣಕಾಸು ನೀತಿ ತಿರುಗಿಸುವುದು ನ್ಯಾಯವೂ ಅಲ್ಲ. ಬೇಲಿ ಎತ್ತರಿಸಿದರೆ ಕಳ್ಳಸಾಗಣೆ ಹೆಚ್ಚುತ್ತದೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದುದು. ಆದ್ದರಿಂದ ಕನಿಷ್ಠ ಬೆಲೆಯನ್ನು ವರ್ಷಕ್ಕೊಮ್ಮೆ ವಿನಿಮಯ ದರದೊಂದಿಗೆ ಪರಿಷ್ಕರಿಸುವಾಗಲೇ ಬಂದರು, ಗಡಿಗಳ ತಪಾಸಣೆಯನ್ನೂ ಬಿಗಿಗೊಳಿಸಬೇಕು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ದರ ಕೇಳುವ ರೈತನ ಪರವಾಗಿ ನಮ್ಮ ಸಂಸದರು ದೆಹಲಿಯಲ್ಲಿ ಈ ಎರಡನ್ನೂ ಒಟ್ಟಿಗೇ ಕೇಳಬೇಕು.